ಬಿಲ್ಲಿ ಗೋಟ್‌ಗೆ ಹೋದರೆ ಡಬಲ್ ಕೇಳಿ

ಊರಿನಿಂದ ಶಿಕಾಗೋಗೆ ಬರುವ ನೆಂಟರನ್ನು ನಾನು ಮೊದಲು ಕರೆದೊಯ್ಯುವುದು ಬಿಲ್ಲಿ ಗೋಟ್ ಟ್ಯಾವರ್ನ್ ಎಂಬ ಬರ್ಗರ್ ಹೋಟೆಲಿಗೆ. ಈ ನಗರದ ಗಂಟಲು ಎಷ್ಟು ದೊಡ್ಡದು, ಮನಸ್ಸು ಎಷ್ಟು ಸಲೀಸು ಎಂಬುದು ಅಲ್ಲಿ ಒಂದೇ ಊಟದಲ್ಲಿ ತಿಳಿದುಬಿಡುತ್ತದೆ.

ಜಾಗ ಹುಡುಕುವಾಗ ಎಚ್ಚರವಿರಲಿ. ಮಿಶಿಗನ್ ಅವೆನ್ಯೂ ಅಲ್ಲಿ ಎರಡು ಅಂತಸ್ತಿನ ರಸ್ತೆ. ಮೊಬೈಲ್ ನಕ್ಷೆ ‘ತಲುಪಿದಿರಿ’ ಎನ್ನುತ್ತದೆ, ಹೋಟೆಲು ಮಾತ್ರ ನಿಮ್ಮ ಕಾಲಡಿಯ ಅಂತಸ್ತಿನಲ್ಲಿರುತ್ತದೆ. ರಿಗ್ಲಿ ಕಟ್ಟಡದ ಬದಿಯಲ್ಲೇ ಉತ್ತರಕ್ಕೆ ನಾಲ್ಕು ಹೆಜ್ಜೆ ನಡೆದು, 430ನೇ ನಂಬರಿನ ಹತ್ತಿರ ಮೆಟ್ಟಿಲಿಳಿಯಿರಿ. ಕೆಳಗೆ ಹಗಲಿನಲ್ಲೂ ಮಬ್ಬು. ಹೆದರಬೇಕಿಲ್ಲ.

ಏನು ಬೇಕೆಂದು ಸಾಲಿಗೆ ನಿಲ್ಲುವ ಮೊದಲೇ ತೀರ್ಮಾನಿಸಿಕೊಳ್ಳಿ. ಕೌಂಟರಿನವರು ‘ಚೀಜ್‌ಬೋರ್ಗರ್! ಡಬಲ್!’ ಎಂದು ಕೂಗಿದರೆ ಅದು ಸಿಟ್ಟಲ್ಲ, ‘ಚೀಸ್‌ಬರ್ಗರ್’ ಎಂಬುದರ ಗ್ರೀಕ್ ಉಚ್ಚಾರಣೆಯಿಂದ ಬಂದ ಅಲ್ಲಿನ ಸಂಪ್ರದಾಯ. 1978ರಲ್ಲಿ ಹಾಸ್ಯನಟ ಜಾನ್ ಬೆಲೂಶಿ ಟಿ.ವಿ. ಪ್ರಹಸನವೊಂದರಲ್ಲಿ ಅದನ್ನೇ ಅಭಿನಯಿಸಿ ದೇಶಕ್ಕೆಲ್ಲ ಪರಿಚಯಿಸಿದರು. ಪ್ರಹಸನದಲ್ಲಿ ಸಿಗುವುದು ಪೆಪ್ಸಿ, ಇಲ್ಲಿ ಕೊಡುವುದು ಕೋಕ್. ಫ್ರೈಸ್ ಕೇಳಬೇಡಿ, ಚಿಪ್ಸ್ ಪೊಟ್ಟಣ ತೆಗೆದುಕೊಳ್ಳಿ.

ಡಬಲ್ಲೇ ಏಕೆಂದರೆ, ಪ್ಯಾಟಿ, ಅಂದರೆ ಒಳಗಿನ ಮಾಂಸದ ಬಿಲ್ಲೆ, ತೀರಾ ತೆಳು, ಬನ್ನು ದಪ್ಪ. ಸಿಂಗಲ್ ತೆಗೆದುಕೊಂಡರೆ ಬಾಯಿತುಂಬ ಬ್ರೆಡ್ಡೇ. ಎರಡು ಪ್ಯಾಟಿಗಳಿದ್ದರೆ ಹಂಚಿನ ಮೇಲೆ ಸುಟ್ಟ ಅಂಚಿನ ರುಚಿ ಗೆಲ್ಲುತ್ತದೆ, ಕರಗಿದ ಚೀಸ್ ಬನ್ನಿನ ಒಳಮೈಗೆ ಇಳಿಯುತ್ತದೆ. ಈರುಳ್ಳಿ, ಉಪ್ಪು-ಹುಳಿಯ ಸೌತೆಕಾಯಿ ಹೋಳು, ಸಾಸಿವೆ ಸಾಸ್ ಎಲ್ಲವನ್ನೂ ನೀವೇ ಹಾಕಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಸೌತೆಕಾಯಿ ಧಾರಾಳವಾಗಿರಬೇಕು, ಕೆಚಪ್ ಬೇಡವೇ ಬೇಡ. ಅದರ ಸಿಹಿ ಮಾಂಸದ ಉಪ್ಪನ್ನು ಮುಚ್ಚಿಬಿಡುತ್ತದೆ. ಪ್ಯಾಟಿ ದನದ ಮಾಂಸದ್ದು. ತಿನ್ನದವರು ಜೊತೆಗಿದ್ದರೆ ಮೆಟ್ಟಿಲಿಳಿಯುವ ಮೊದಲೇ ಹೇಳಿಬಿಡಿ, ಅದು ಮರ್ಯಾದೆ.

ತಟ್ಟೆ ಹಿಡಿದು ಗೋಡೆಯ ಬದಿಯ ಮೇಜು ಆರಿಸಿ. ಗ್ರೀಸಿನಿಂದ ವಲಸೆ ಬಂದ ವಿಲಿಯಂ ಸಿಯಾನಿಸ್ 1934ರಲ್ಲಿ ಬೇರೆಡೆ ಶುರು ಮಾಡಿದ ಟ್ಯಾವರ್ನ್ 1964ರಲ್ಲಿ ಇಲ್ಲಿಗೆ ಬಂತು. ಆಗ ಸುತ್ತಮುತ್ತ ಪತ್ರಿಕಾ ಕಚೇರಿಗಳಿದ್ದವು. ಅಂಕಣಕಾರ ಮೈಕ್ ರಾಯ್ಕೊ ಇಲ್ಲಿನ ಖಾಯಂ ಗಿರಾಕಿಯಾಗಿದ್ದರು. ಗೋಡೆಯ ತುಂಬ ಪತ್ರಿಕೆಯ ತುಣುಕುಗಳು, ಹಳೆಯ ಫೋಟೋಗಳು. ಹೋಟೆಲಿನ ಹೆಸರಿನಲ್ಲಿರುವ ಆಡಿನ ಕತೆಯನ್ನು ಮಾತ್ರ ತಪ್ಪದೆ ಹುಡುಕಿ. 1945ರ ವರ್ಲ್ಡ್ ಸೀರೀಸ್ ಎಂಬ ಬೇಸ್‌ಬಾಲ್ ಚಾಂಪಿಯನ್‌ಶಿಪ್‌ನ ಪಂದ್ಯಕ್ಕೆ ಸಿಯಾನಿಸ್ ತಮ್ಮ ಆಡನ್ನೂ ಕರೆದೊಯ್ದರು, ಅದನ್ನು ಹೊರಹಾಕಿದ್ದಕ್ಕೆ ಶಿಕಾಗೋದ ಕಬ್ಸ್ ತಂಡಕ್ಕೆ ಶಾಪ ಹಾಕಿದರು ಎಂದು ಜನ ಹೇಳುತ್ತಾರೆ. ಆಮೇಲೆ ವರ್ಲ್ಡ್ ಸೀರೀಸ್ ಗೆಲುವು ಕಬ್ಸ್‌ಗೆ ದಕ್ಕಿದ್ದು 2016ರಲ್ಲೇ. ಬೇಸ್‌ಬಾಲ್ ಗೊತ್ತಿಲ್ಲದ ನನ್ನ ಚಿಕ್ಕಮ್ಮನೂ ಈ ಕತೆಯನ್ನು ಕಣ್ಣರಳಿಸಿ ಕೇಳಿದರು.

ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಹೋಗಿ. ಆಗ ಗೋಡೆ ಓದಲು ಯಾರ ಮೇಜಿನ ಮೇಲೂ ಬಾಗಬೇಕಿಲ್ಲ.