ಐದು ಸ್ಟಾರ್ ಹುಡುಗನನ್ನು ನಾನೇ ಕೆಡಿಸಿದ್ದು

ಫುಟ್‌ಬಾಲ್ ಮ್ಯಾನೇಜರ್ 2024, ಅಂದರೆ ನಾವೇ ಒಂದು ಕ್ಲಬ್ಬಿನ ಮ್ಯಾನೇಜರ್ ಆಗಿ ತಂಡ ನಡೆಸುವ ಕಂಪ್ಯೂಟರ್ ಆಟ, ನನ್ನ ಲ್ಯಾಪ್‌ಟಾಪ್‌ಗೆ ಬಂದಿದ್ದು ಪುಕ್ಕಟೆಯಾಗಿ. 2024ರ ಸೆಪ್ಟೆಂಬರ್‌ನಲ್ಲಿ ಆನ್‌ಲೈನಿನಲ್ಲಿ ಗೇಮ್ ಮಾರುವ ಎಪಿಕ್ ಸ್ಟೋರ್‌ನವರು ಒಂದು ವಾರ ಹಾಗೇ ಕೊಟ್ಟರು. ಸಿಕ್ಕಿದ್ದನ್ನು ಬಿಡೋದು ಯಾಕೆ ಅಂತ ಇಳಿಸಿಕೊಂಡೆ. ಆಮೇಲೆ ಎಷ್ಟು ರಾತ್ರಿ ನಿದ್ದೆ ಕೆಟ್ಟಿದ್ದೇನೆ ಅಂತ ಮನೆಯವರನ್ನೇ ಕೇಳಬೇಕು.

ಮೊದಲು ಬೆಂಗಳೂರು ಎಫ್‌ಸಿ ಇಟ್ಟುಕೊಂಡು ಒಂದಷ್ಟು ದಿನ ಆಡಿದೆ, ಅಭಿಮಾನಕ್ಕೆ. ಆಮೇಲೆ ಹುಡುಗರನ್ನು ಬೆಳೆಸುವ ಆಟವನ್ನೇ ಆಡಬೇಕು ಅನ್ನಿಸಿ ಸ್ಪೇನ್‌ನ ಅಥ್ಲೆಟಿಕ್ ಬಿಲ್ಬಾವೋ ತಗೊಂಡೆ. ಈ ಕ್ಲಬ್ಬಿನ ಕಥೆ ಗೊತ್ತಿಲ್ಲದವರಿಗೆ ಒಂದು ಮಾತು. ಇಲ್ಲಿ ಆಡಬೇಕಾದರೆ ಬಾಸ್ಕ್ ನಾಡಿನಲ್ಲಿ ಹುಟ್ಟಿರಬೇಕು, ಇಲ್ಲಾ ಅಲ್ಲಿನ ಅಕಾಡೆಮಿಯಲ್ಲಿ ಆಟ ಕಲಿತು ಬೆಳೆದಿರಬೇಕು. ಹಾಗಿದ್ದೂ ಸ್ಪೇನ್‌ನ ಮೊದಲ ಡಿವಿಷನ್ ಆದ ಲಾ ಲಿಗಾದಿಂದ ಒಮ್ಮೆಯೂ ಕೆಳಗಿಳಿಯದ ಮೂರೇ ಕ್ಲಬ್‌ಗಳಲ್ಲಿ ಇದೂ ಒಂದು, ಉಳಿದೆರಡು ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ. 2018ರಲ್ಲಿ ಇವರ ಡಿಫೆಂಡರ್ ಲಪೋರ್ಟ್ 65 ಮಿಲಿಯನ್ ಯೂರೋಗೆ ಮ್ಯಾಂಚೆಸ್ಟರ್ ಸಿಟಿಗೆ ಹೋದ, ಅದೇ ವರ್ಷ ಗೋಲ್‌ಕೀಪರ್ ಕೆಪಾ 80 ಮಿಲಿಯನ್‌ಗೆ ಚೆಲ್ಸಿಗೆ ಹೋದ. ಬೇರೆ ಕ್ಲಬ್ ಆಗಿದ್ದರೆ ಆ ದುಡ್ಡಿನಲ್ಲಿ ಅರ್ಧ ಯುರೋಪ್ ಸುತ್ತಿ ಆಟಗಾರರನ್ನು ತರುತ್ತಿದ್ದರು. ಇವರ ಹತ್ತಿರ ದುಡ್ಡಿದೆ, ಹೋಗೋಕೆ ಅಂಗಡಿ ಇಲ್ಲ. ಲೆಝಾಮಾದಲ್ಲಿರುವ ಅಕಾಡೆಮಿಯಲ್ಲಿ ಬೆಳೆದದ್ದೇ ಬೆಳೆ. ಆಟದಲ್ಲೂ ಈ ಕಟ್ಟಳೆ ಹಾಗೇ ಇದೆ.

ಅಂದರೆ ಇಲ್ಲಿ ಒಬ್ಬ ಹುಡುಗ ಹಾಳಾದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ಕೊಂಡು ತರೋಕೆ ಆಗಲ್ಲ. ಇದು ನನಗೆ ತಡವಾಗಿ ಅರ್ಥ ಆಯಿತು.

ಎರಡನೇ ಸೀಸನ್, ಆಟದೊಳಗಿನ 2025ರ ಮಾರ್ಚ್. ಅಕಾಡೆಮಿಯಿಂದ ಹೊಸ ಹುಡುಗರ ತಂಡ ಬಂತು. ಅದರಲ್ಲಿ ಇಬ್ಬರು. ಬಾಸ್ಕ್ ಹೆಸರುಗಳು ನನ್ನ ನಾಲಿಗೆಗೆ ಒಗ್ಗಲ್ಲ, ಅದಕ್ಕೆ ನಾನೇ ಹೆಸರಿಟ್ಟುಕೊಂಡೆ. ಒಬ್ಬ ಚಿಗರೆ. ಹದಿನಾರು ವರ್ಷದ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡುವವನು, ಆಗಲೇ ವೇಗ 20ಕ್ಕೆ 15, ಮುಂದೆ ಐದು ಸ್ಟಾರ್ ಆಗುತ್ತಾನೆ ಅಂತ ಕೋಚ್ ವರದಿ. ಇನ್ನೊಬ್ಬ ಮೇಷ್ಟ್ರು. ಮಿಡ್‌ಫೀಲ್ಡರ್, ಓಟ ಸಾಧಾರಣ, ಡ್ರಿಬ್ಲಿಂಗ್ ಸಾಧಾರಣ, ಭವಿಷ್ಯ ಎರಡೂವರೆ ಸ್ಟಾರ್. ಪರ್ಸನಾಲಿಟಿ ಜಾಗದಲ್ಲಿ ಚಿಗರೆಗೆ 'ಕ್ಯಾಶುಯಲ್' ಅಂತ ಇತ್ತು, ಮೇಷ್ಟ್ರಿಗೆ 'ಪ್ರೊಫೆಷನಲ್' ಅಂತ ಇತ್ತು. ನಾನು ಅದನ್ನು ನೋಡಲೂ ಇಲ್ಲ. ಸ್ಟಾರ್ ನೋಡಿದೆ ಅಷ್ಟೇ.

ಚಿಗರೆಗೆ ನಾನು ಮಾಡಿದ ಉಪಚಾರ ಕೇಳಿ. ಬಂದ ತಿಂಗಳಲ್ಲೇ ಮೊದಲ ತಂಡಕ್ಕೆ ಎಳೆದುಕೊಂಡೆ. ಟ್ರೈನಿಂಗ್ ತೀವ್ರತೆ ಡಬಲ್ ಮಾಡಿದೆ. ವೇಗ ಇನ್ನೂ ಹೆಚ್ಚಲಿ ಅಂತ ಕ್ವಿಕ್‌ನೆಸ್ ಫೋಕಸ್ ಕೊಟ್ಟೆ. ವಿಂಗರ್ ಜೊತೆ ಸ್ಟ್ರೈಕರ್ ಕೂಡ ಆಗಲಿ ಅಂತ ಹೊಸ ಪೊಸಿಷನ್ ಕಲಿಸಲು ಹಾಕಿದೆ. ಎಡಗಾಲೂ ಪಳಗಲಿ ಅಂತ ಅದಕ್ಕೊಂದು ಟ್ರೇಟ್ (ಆಟಗಾರನಿಗೆ ಕಲಿಸುವ ವಿಶೇಷ ಅಭ್ಯಾಸ). ಪಂದ್ಯದ ದಿನ ಬೆಂಚ್. ಎಂಬತ್ತನೇ ನಿಮಿಷಕ್ಕೆ ಇಳಿಸೋದು, ಹತ್ತು ನಿಮಿಷ ಓಡಿಸೋದು, ಮತ್ತೆ ಮುಂದಿನ ವಾರ ಬೆಂಚ್. ಎಂಟನೇ ಕ್ಲಾಸ್ ಹುಡುಗನಿಗೆ ಬೆಳಗ್ಗೆ ಕರಾಟೆ, ಸಂಜೆ ಅಬ್ಯಾಕಸ್, ಭಾನುವಾರ ಕೀಬೋರ್ಡ್ ಅಂತ ಹಾಕುವ ಅಪ್ಪಂದಿರನ್ನು ನೋಡಿ ನಗುತ್ತಿದ್ದವನು ನಾನು.

ಮೊದಲ ವರ್ಷವೇ ತೊಡೆಯ ಸ್ನಾಯು ಹಿಡಿದುಕೊಂಡು ಎರಡು ತಿಂಗಳು ಮಲಗಿದ. ಎದ್ದು ಬಂದ, ಮತ್ತೆ ಅದೇ ತೊಡೆ. ನಡುವೆ ಟ್ರೈನಿಂಗ್ ಜಾಸ್ತಿ ಆಯಿತು ಅಂತ ದೂರು. ಮೂರು ವರ್ಷ ಆದ ಮೇಲೆ ಹಳೆಯ ಅಂಕಿ, ಹೊಸ ಅಂಕಿ ಪಕ್ಕಪಕ್ಕ ಇಟ್ಟು ನೋಡಿದರೆ ಅಲ್ಲೊಂದು ಇಲ್ಲೊಂದು ಏರಿತ್ತು. ಐದು ಸ್ಟಾರ್ ಅಂದಿದ್ದ ಕೋಚ್‌ಗಳೇ ಮೂರು ಅನ್ನತೊಡಗಿದರು.

ಮೇಷ್ಟ್ರನ್ನು ನಾನು ಬಿಲ್ಬಾವೋ ಅಥ್ಲೆಟಿಕ್‌ಗೆ, ಅಂದರೆ ನಮ್ಮ ಬಿ ತಂಡಕ್ಕೆ ದೂಡಿ ಮರೆತುಬಿಟ್ಟಿದ್ದೆ. ನಿಜವಾಗಿಯೂ ಮರೆತಿದ್ದೆ. ಅವನು ಅಲ್ಲಿ ವಾರವಾರ ತೊಂಬತ್ತು ನಿಮಿಷ ಆಡುತ್ತಾ ಇದ್ದ. ಮೊದಲ ತಂಡದಲ್ಲಿ ಇಬ್ಬರಿಗೆ ಗಾಯ, ಒಬ್ಬನಿಗೆ ಸಸ್ಪೆನ್ಷನ್ ಅಂತ ಒಂದು ವಾರ ಬೇರೆ ದಾರಿ ಇಲ್ಲದೆ ಅವನನ್ನು ಕರೆಸಿ ಪ್ರೊಫೈಲ್ ತೆಗೆದರೆ, ಪಾಸಿಂಗ್ 11 ಇದ್ದದ್ದು 14, ನಿರ್ಧಾರ (ಡಿಸಿಷನ್ಸ್) 8 ಇದ್ದದ್ದು 13. ಬೇರೆ ಯಾರದೋ ಪುಟ ತೆರೆದೆನಾ ಅಂತ ಹೆಸರು ಇನ್ನೊಮ್ಮೆ ನೋಡಿದೆ.

ಅವತ್ತು ಆಟ ನಿಲ್ಲಿಸಿ, ಇದು ಒಳಗೆ ಹೇಗೆ ನಡೆಯುತ್ತೆ ಅಂತ ಓದಲು ಕೂತೆ.

ಈ ಆಟದಲ್ಲಿ ಪ್ರತಿ ಆಟಗಾರನಿಗೂ ನಮಗೆ ಕಾಣದ ಎರಡು ಅಂಕಿ ಇರುತ್ತವೆ, ಎರಡೂ 200ಕ್ಕೆ ಇಷ್ಟು ಅನ್ನುವ ಲೆಕ್ಕ. ಒಂದು ಈಗಿನ ಸಾಮರ್ಥ್ಯ. ಇನ್ನೊಂದು ಅವನು ಗರಿಷ್ಠ ಎಲ್ಲಿಗೆ ಮುಟ್ಟಬಹುದು ಅನ್ನೋದು. ಆ ಎರಡನೇದು ಹಣೆಬರಹ. ಹುಡುಗ ಆಟದಲ್ಲಿ ಹುಟ್ಟಿದಾಗಲೇ ಬರೆದಾಗಿರುತ್ತೆ, ಆಮೇಲೆ ಯಾವ ಕೋಚ್ ಬಂದರೂ ಅಳಿಸೋಕಾಗಲ್ಲ. ನಿಜ ಜೀವನದ ಎಳೆಯ ಆಟಗಾರರಲ್ಲಿ ಕೆಲವರಿಗೆ ಮಾತ್ರ ಸ್ವಲ್ಪ ಬೇರೆ ಲೆಕ್ಕ. ಅವರಿಗೆ ಒಂದು ವ್ಯಾಪ್ತಿ ಕೊಟ್ಟಿರುತ್ತಾರೆ, ನಾವು ಹೊಸ ಸೇವ್, ಅಂದರೆ ಮೊದಲಿನಿಂದ ಹೊಸ ಆಟ, ಶುರು ಮಾಡಿದಾಗ ಅದರೊಳಗಿಂದ ಒಂದು ಅಂಕಿ ಎತ್ತುತ್ತೆ. ಗೆಳೆಯನ ಸೇವ್‌ನಲ್ಲಿ ಮಿಂಚಿದ ಹುಡುಗ ನಮ್ಮಲ್ಲಿ ಪೆದ್ದನಾಗೋದು ಅದಕ್ಕೇ. ಹಣೆಯಲ್ಲಿ 170 ಬರೆದಿದ್ದರೂ 130ಕ್ಕೇ ನಿಂತುಹೋಗುವವರೇ ಹೆಚ್ಚು. ಅಲ್ಲಿಗೆ ಮುಟ್ಟಿಸುವ ಕೆಲಸ ನಮ್ಮದು.

ಸ್ಟಾರ್ ಇದೆಯಲ್ಲ, ಅದು ಆ ಅಂಕಿ ಅಲ್ಲವೇ ಅಲ್ಲ. ನಮ್ಮ ತಂಡದ ಉಳಿದವರ ಪಕ್ಕ ನಿಲ್ಲಿಸಿ ಕೋಚ್ ಮಾಡುವ ಊಹೆ ಅದು. ಮೂರನೇ ಡಿವಿಷನ್ ತಂಡದಲ್ಲಿ ಐದು ಸ್ಟಾರ್ ಸಿಗುವ ಹುಡುಗನಿಗೆ ನಮ್ಮಲ್ಲಿ ಎರಡು ಸಿಕ್ಕರೆ ಹೆಚ್ಚು. ತಂಡ ಬಲವಾದಷ್ಟೂ ಎಲ್ಲರ ಸ್ಟಾರ್ ಇಳಿಯುತ್ತೆ. ಕಪ್ಪು ಸ್ಟಾರ್ ಕಂಡರೆ ಕೋಚ್‌ಗೇ ಖಾತ್ರಿ ಇಲ್ಲ ಅಂತ ಅರ್ಥ.

ಹಾಗಾದರೆ ಹುಡುಗ ಬೆಳೆಯೋದು ಯಾವುದರಿಂದ? ನನ್ನ ಸೇವ್‌ಗಳಲ್ಲಿ ಕಂಡ ಮಟ್ಟಿಗೆ ಮೊದಲನೆಯದು ವೃತ್ತಿಪರತೆ. ಅದೂ ಕಾಣದ ಅಂಕಿ. ಆದರೆ ಪರ್ಸನಾಲಿಟಿ ಹೆಸರಿನಲ್ಲಿ ಸುಳಿವು ಸಿಗುತ್ತೆ. 'ಮಾಡೆಲ್ ಪ್ರೊಫೆಷನಲ್', 'ಮಾಡೆಲ್ ಸಿಟಿಜನ್', 'ಪ್ರೊಫೆಷನಲ್', 'ರೆಸಲ್ಯೂಟ್' ಇವು ಬಂದರೆ ಕಣ್ಣಿಗೊತ್ತಿಕೊಳ್ಳಿ. 'ಸ್ಲ್ಯಾಕ್', 'ಕ್ಯಾಶುಯಲ್' ಬಂದರೆ ಎಷ್ಟು ಸ್ಟಾರ್ ಇದ್ದರೂ ಎರಡು ಸಲ ಯೋಚಿಸಿ. ನಡುವೆ 'ಬ್ಯಾಲೆನ್ಸ್ಡ್' ಅಂತ ಒಂದಿದೆ, ಅರ್ಧಕ್ಕರ್ಧ ಹುಡುಗರು ಅದೇ, ಅದರಿಂದ ಏನೂ ತಿಳಿಯಲ್ಲ. ಡಿಟರ್ಮಿನೇಷನ್, ಅಂದರೆ ಛಲ, ಮಾತ್ರ ಕಣ್ಣಿಗೆ ಕಾಣುವ ಅಂಕಿ. ಮೇಷ್ಟ್ರದ್ದು 16. ಚಿಗರೆಯದ್ದು 5. ಎದುರಿಗೇ ಬರೆದಿತ್ತು ನೋಡಿ!

ಎರಡನೆಯದು ಪಂದ್ಯದ ನಿಮಿಷಗಳು. ಹದಿನೆಂಟರವರೆಗೆ ಒಳ್ಳೆಯ ಕೋಚ್, ಒಳ್ಳೆಯ ಮೈದಾನ ಇದ್ದರೆ ಹೆಚ್ಚುಕಡಿಮೆ ಸಾಕು, ಲೆಝಾಮಾದಲ್ಲಿ ಅದಕ್ಕೇನೂ ಬರ ಇಲ್ಲ. ಅದಾದ ಮೇಲೆ ಪಂದ್ಯ ಬೇಕೇ ಬೇಕು, ಅದೂ ಅವನ ಮಟ್ಟಕ್ಕೆ ತಕ್ಕ ಪಂದ್ಯ. ಬೆಂಚ್ ಮೇಲೆ ಕೂತ ಹುಡುಗ ಎಷ್ಟು ಚೆನ್ನಾಗಿ ಟ್ರೈನಿಂಗ್ ಮಾಡಿದರೂ ಒಂದು ಹಂತಕ್ಕೆ ನಿಂತುಬಿಡುತ್ತಾನೆ.

ಚಿಗರೆಯಂಥವರನ್ನು ತಿದ್ದೋಕೆ ಆಗಲ್ವಾ ಅಂದರೆ, ಆಗುತ್ತೆ, ಬೇಗ ಶುರು ಮಾಡಿದರೆ. ಅದಕ್ಕೇ ಮೆಂಟರಿಂಗ್, ಅಂದರೆ ಹಿರಿಯರ ಜೊತೆ ಬಿಟ್ಟು ತಿದ್ದೋದು, ಇರೋದು. 2019ರ ಆವೃತ್ತಿಯಿಂದ ಗುಂಪು ಮಾಡುವ ಪದ್ಧತಿ ಬಂದಿದೆ, ಕಡಿಮೆ ಅಂದರೆ ಮೂವರು. ನಾನು ಮೊದಲು ಒಬ್ಬ ಹಿರಿಯನ ಜೊತೆ ಮೂವರು ಎಳೆಯರನ್ನು ಕೂರಿಸಿದೆ. ಎಳೆಯರು ಬದಲಾಗಲೇ ಇಲ್ಲ. ಈಗ ಉಲ್ಟಾ ಮಾಡುತ್ತೇನೆ. ಇಬ್ಬರು ಶಿಸ್ತಿನ ಹಿರಿಯರು, ನಡುವೆ ಒಬ್ಬ ಹುಡುಗ. ಹಿರಿಯ ಅಂದರೆ ಬರೀ ವಯಸ್ಸಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಅವನ ಮಾತು ನಡೆಯಬೇಕು, ಕ್ಲಬ್ಬಿಗೆ ಸಾಕಷ್ಟು ಪಂದ್ಯ ಆಡಿರಬೇಕು. ಹುಡುಗ ಅದೇ ಗೆಳೆಯರ ಬಳಗದವನಾದರೆ ಇನ್ನೂ ಬೇಗ ಹಿಡಿಯುತ್ತೆ. ಇದರಲ್ಲಿ ಒಂದು ಅಪಾಯವೂ ಇದೆ. ಸೋಮಾರಿ ಹಿರಿಯನೊಬ್ಬ ಗುಂಪಿನಲ್ಲಿದ್ದರೆ ಅವನ ಗುಣವೂ ಅಂಟುತ್ತೆ, ಬೇಡದ ಟ್ರೇಟ್ ಕೂಡ. ಒಬ್ಬ ಒಳ್ಳೆಯ ಡಿಫೆಂಡರ್ ಹುಡುಗ ಹಿರಿಯನಿಂದ ಸಿಕ್ಕಸಿಕ್ಕಲ್ಲಿಂದ ಗೋಲಿಗೆ ಗುರಿಯಿಡುವ ಚಟ ಕಲಿತುಕೊಂಡ. ಏನು ಹೇಳೋಣ.

ಇದೆಲ್ಲ ಆಗೋಕೆ ತಿಂಗಳುಗಟ್ಟಲೆ ಬೇಕು. ಹುಡುಗನಿಗೆ ಇಪ್ಪತ್ತೆರಡು, ಇಪ್ಪತ್ಮೂರು ಆದ ಮೇಲೆ ಹೆಚ್ಚೇನೂ ಬಗ್ಗಲ್ಲ. ಚಿಗರೆಯನ್ನು ನಾನು ಗುಂಪಿಗೆ ಹಾಕಿದ್ದು ಅವನಿಗೆ ಇಪ್ಪತ್ತು ತುಂಬಿದ ಮೇಲೆ. 'ಕ್ಯಾಶುಯಲ್' ಹೋಗಿ 'ಬ್ಯಾಲೆನ್ಸ್ಡ್' ಆಯಿತು, ಅಲ್ಲಿಗೆ ನಿಂತಿತು.

ವಾರದ ವೇಳಾಪಟ್ಟಿ ಬಗ್ಗೆ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ, ನನಗೆ ಅಷ್ಟು ಬೇಕು ಅನ್ನಿಸಲಿಲ್ಲ. ದಿನಕ್ಕೆ ಮೂರು ಖಾನೆ ಇದೆ ಅಂತ ಮೂರನ್ನೂ ತುಂಬಬೇಡಿ. ಪಂದ್ಯದ ಮರುದಿನ ರಿಕವರಿ, ಪಂದ್ಯದ ಹಿಂದಿನ ದಿನ ಪ್ರಿವ್ಯೂ, ನಡುವೆ ಓವರಾಲ್ ಒಂದೆರಡು, ಫಿಸಿಕಲ್ ಒಂದು, ಮ್ಯಾಚ್ ಪ್ರಾಕ್ಟೀಸ್ ಒಂದು. ವಾರಕ್ಕೆ ಎರಡು ಪಂದ್ಯ ಇದ್ದರೆ ಅದರಲ್ಲೂ ಅರ್ಧ ತೆಗೆದುಬಿಡುತ್ತೇನೆ. ತೀವ್ರತೆಯನ್ನು ಆಯಾಸಕ್ಕೆ ತಕ್ಕಂತೆ ತಾನೇ ಇಳಿಯುವ ಹಾಗೆ ಇಟ್ಟಿದ್ದೇನೆ. ದಣಿವು ತೋರಿಸುವ ಹೃದಯದ ಗುರುತು ಪೂರ್ತಿ ಹಸಿರಿದ್ದವನಿಗೆ ಮಾತ್ರ ಡಬಲ್, ದಣಿದವನಿಗೆ ಅರ್ಧ, ಪೂರ್ತಿ ಸುಸ್ತಾದವನಿಗೆ ರಜೆ. ಇದೊಂದನ್ನು ಮೊದಲೇ ಮಾಡಿದ್ದರೆ ಚಿಗರೆಯ ತೊಡೆ ಉಳಿಯುತ್ತಿತ್ತೋ ಏನೋ.

ಇನ್ನು ಒಬ್ಬೊಬ್ಬರ ಟ್ರೈನಿಂಗ್. ಇಲ್ಲಿ ನಾನು ಕಂಡುಕೊಂಡ ಉಪಾಯ ಒಂದಿದೆ. ಹುಡುಗನನ್ನು ಮುಂದೆ ಯಾವ ರೋಲ್‌ನಲ್ಲಿ ಆಡಿಸುತ್ತೇವೋ ಅದನ್ನೇ ಕಲಿಸಬೇಕು ಅಂತ ಏನಿಲ್ಲ. ಅವನಲ್ಲಿ ಯಾವುದು ಕಡಿಮೆ ಇದೆಯೋ ಅದು ಇರುವ ರೋಲ್ ಹುಡುಕಿ. ಮೇಷ್ಟ್ರು ನನಗೆ ಬೇಕಾಗಿದ್ದು ಹಿಂದೆ ನಿಂತು ಚೆಂಡು ಹಂಚುವ ಆಟಗಾರನಾಗಿ. ಆದರೆ ಅವನ ಸ್ಟ್ಯಾಮಿನಾ, ಟ್ಯಾಕ್ಲಿಂಗ್ ಸೊರಗಿತ್ತು. ಅದಕ್ಕೆ ಎರಡು ವರ್ಷ ಮೈದಾನದ ಈ ತುದಿಯಿಂದ ಆ ತುದಿಗೆ ಓಡುವ ಬಾಕ್ಸ್ ಟು ಬಾಕ್ಸ್ ರೋಲ್‌ನಲ್ಲಿ ಟ್ರೈನಿಂಗ್ ಹಾಕಿ, ಆಮೇಲೆ ಬದಲಾಯಿಸಿದೆ. ದೇಹಕ್ಕೆ ಸಂಬಂಧಿಸಿದ್ದನ್ನು ಚಿಕ್ಕ ವಯಸ್ಸಿನಲ್ಲೇ ಮುಗಿಸಿಕೊಳ್ಳೋದು ಒಳ್ಳೇದು. ಬುದ್ಧಿಗೆ ಸಂಬಂಧಿಸಿದ್ದು ಮೂವತ್ತಾದರೂ ಏರುತ್ತಲೇ ಇರುತ್ತೆ.

ಒಂದು ಎಚ್ಚರಿಕೆ. ಎಲ್ಲವೂ ಆ 200ರ ಲೆಕ್ಕದೊಳಗೇ ನಡೆಯಬೇಕು. ಎರಡನೇ ಕಾಲು ಪಳಗಿಸಿದರೆ, ಇನ್ನೊಂದು ಪೊಸಿಷನ್ ಕಲಿಸಿದರೆ, ಅದಕ್ಕೂ ಆ ಗಂಟಿನಿಂದಲೇ ಖರ್ಚು. ಚಿಗರೆಯ ವಿಷಯದಲ್ಲಿ ಬೆಳೆದ ಸ್ವಲ್ಪವನ್ನೂ ನಾನು ಎಡಗಾಲಿಗೆ, ಸ್ಟ್ರೈಕರ್ ಪಾಠಕ್ಕೆ ಸುರಿದುಬಿಟ್ಟಿದ್ದೆ.

ಲೋನ್, ಅಂದರೆ ಸ್ವಲ್ಪ ಕಾಲ ಬೇರೆ ಕ್ಲಬ್ಬಿಗೆ ಆಡಲು ಕಳಿಸೋದು, ಅದರ ಕಥೆ ಬೇರೆಯೇ. ಮೇಷ್ಟ್ರಿಗೆ ಹತ್ತೊಂಬತ್ತಾದಾಗ ಎರಡನೇ ಡಿವಿಷನ್ ಕ್ಲಬ್ ಒಂದಕ್ಕೆ ಕಳಿಸಿದೆ. ಅವರು ಖಾಯಂ ಆಟಗಾರ ಅಂತ ಬರೆದುಕೊಟ್ಟು ಕರೆದೊಯ್ದರು, ಡಿಸೆಂಬರ್‌ವರೆಗೆ ಬೆಂಚಿನಲ್ಲಿ ಕೂರಿಸಿದರು. ನಾನು ತಿಂಗಳಿಗೊಮ್ಮೆ ನೋಡಿದ್ದರೆ ಗೊತ್ತಾಗುತ್ತಿತ್ತು. ಜನವರಿಯಲ್ಲಿ ವಾಪಸ್ ಕರೆಸಿ, ಅದೇ ಡಿವಿಷನ್ನಿನ ಕೊನೆಯ ಸಾಲಿನಲ್ಲಿದ್ದ ಬಡ ಕ್ಲಬ್‌ಗೆ ಕೊಟ್ಟೆ. ಅಲ್ಲಿ ಅವನಿಗೆ ಪೈಪೋಟಿ ಕೊಡುವವರೇ ಇರಲಿಲ್ಲ. ಉಳಿದ ಪಂದ್ಯಗಳನ್ನೆಲ್ಲ ಆಡಿದ. ಈಗ ಲೋನ್ ಕೇಳಿ ಬಂದರೆ ನಾನು ಮೊದಲು ನೋಡೋದು ಆ ಕ್ಲಬ್ಬಿನಲ್ಲಿ ಅದೇ ಜಾಗಕ್ಕೆ ಎಷ್ಟು ಜನ ಇದ್ದಾರೆ ಅಂತ. ವಾಪಸ್ ಕರೆಸುವ ಷರತ್ತು ಇಲ್ಲದೆ ಕಳಿಸೋದೇ ಇಲ್ಲ.

ಇನ್ನೊಂದು ವಿಷಯ, ಸ್ಪೇನ್‌ನಲ್ಲಿ ಆಡುವವರಿಗೆ. ಇಲ್ಲಿ ಪ್ರತಿ ಕಾಂಟ್ರಾಕ್ಟ್‌ಗೂ ರಿಲೀಸ್ ಕ್ಲಾಜ್, ಅಂದರೆ ಇಷ್ಟು ದುಡ್ಡು ಕೊಟ್ಟವರು ಹುಡುಗನನ್ನು ಕರೆದೊಯ್ಯಬಹುದು ಅನ್ನುವ ಷರತ್ತು, ಇದ್ದೇ ಇರುತ್ತೆ. ಹುಡುಗ ಬೆಳೆದ ಅಂತ ಗೊತ್ತಾದ ದಿನವೇ ಹೊಸ ಕಾಂಟ್ರಾಕ್ಟ್ ಮಾಡಿ ಆ ಮೊತ್ತ ಏರಿಸಿ. 2029ರಲ್ಲಿ ಒಬ್ಬ ಸೆಂಟರ್ ಬ್ಯಾಕ್ ಹುಡುಗನ ವಿಷಯದಲ್ಲಿ ನಾಳೆ ಮಾಡಿದರಾಯಿತು ಅಂತ ಬಿಟ್ಟಿದ್ದೆ. ಇಂಗ್ಲೆಂಡಿನಿಂದ ಬಂದರು, ದುಡ್ಡು ಇಟ್ಟರು, ಎತ್ತಿಕೊಂಡು ಹೋದರು. ನನ್ನನ್ನು ಯಾರೂ ಕೇಳಲೂ ಇಲ್ಲ. ಬ್ಯಾಂಕಿನಲ್ಲಿ 40 ಮಿಲಿಯನ್, ಡಿಫೆನ್ಸ್‌ನಲ್ಲಿ ತೂತು.

ಈಗ ನನ್ನ ಸೇವ್ 2033ರಲ್ಲಿದೆ. ಚಿಗರೆ ಎರಡನೇ ಡಿವಿಷನ್‌ನಲ್ಲಿ ಎಲ್ಲೋ ಆಡುತ್ತಿದ್ದಾನೆ, ಓಟ ಇನ್ನೂ 15, ಆಗಾಗ ಹೋಗಿ ಅವನ ಪುಟ ನೋಡಿ ಬರುತ್ತೇನೆ. ಮೇಷ್ಟ್ರು ಕ್ಯಾಪ್ಟನ್, ಇನ್ನೂರು ಪಂದ್ಯ ದಾಟಿದ್ದಾನೆ. ಈ ಮಾರ್ಚ್‌ನಲ್ಲಿ ಬಂದವರಲ್ಲಿ ಒಬ್ಬ ವಿಂಗರ್ ಇದ್ದಾನೆ, ನಾಲ್ಕೂವರೆ ಸ್ಟಾರ್, ಡಿಟರ್ಮಿನೇಷನ್ 6. ಅವನನ್ನು ಬಿ ತಂಡದಲ್ಲಿ ಆಡಲು ಬಿಟ್ಟಿದ್ದೇನೆ. ಟ್ರೈನಿಂಗ್ ಮಾತ್ರ ಮೊದಲ ತಂಡದ ಜೊತೆ, ಮೇಷ್ಟ್ರ ಗುಂಪಿನಲ್ಲಿ. ತೀವ್ರತೆ ನಾರ್ಮಲ್. ಎಡಗಾಲಿನ ತಂಟೆಗೆ ಹೋಗಿಲ್ಲ.