‘ಬುಡ್ತು ಅನ್ನಪ್ಪ’: ಬದುಕಿನ ಉದ್ದೇಶ ಅಳೆಯಲು ಹೋದ ನನ್ನ ಅನುಭವ

ಬದುಕಿನ ಅರ್ಥವನ್ನು ಅಳೆಯಲು ಅಮೆರಿಕದ ಮನಶ್ಶಾಸ್ತ್ರಜ್ಞ ಮೈಕೆಲ್ ಸ್ಟೀಗರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಲ್ಲಿರುವುದು ಹತ್ತೇ ವಾಕ್ಯ. ಐದು ‘ಅರ್ಥ ಸಿಕ್ಕಿದೆ’ ಅನ್ನುವ ಬಗ್ಗೆ, ಐದು ‘ಹುಡುಕುತ್ತಿದ್ದೇನೆ’ ಅನ್ನುವ ಬಗ್ಗೆ. ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಅಂಕ. ಅದನ್ನು ಕನ್ನಡಕ್ಕೆ ತಂದು, ಮಂಡ್ಯ ಜಿಲ್ಲೆಯ ಹಳ್ಳಿಗಳಲ್ಲಿ ಕೇಳಿ, ಅಮೆರಿಕದ ಉತ್ತರಗಳ ಪಕ್ಕ ಇಡುವುದು ನನ್ನ ಕೆಲಸವಾಗಿತ್ತು. ಎರಡು ವಾರ ಸಾಕು ಅಂದುಕೊಂಡಿದ್ದೆ. ಎಂಟು ತಿಂಗಳು ಹಿಡಿಯಿತು.

ಮೊದಲು ಎಡವಿದ್ದು ‘ಪರ್ಪಸ್’ ಹತ್ತಿರ. ನಾನು ‘ಉದ್ದೇಶ’ ಅಂತ ಹಾಕಿದೆ. ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಿದಾಗ ‘ಪರ್ಪಸ್’ ಎಂದೇ ವಾಪಸ್ಸು ಬಂತು. ಮನಶ್ಶಾಸ್ತ್ರಜ್ಞ ರಿಚರ್ಡ್ ಬ್ರಿಸ್ಲಿನ್ 1970ರಲ್ಲಿ ವಿವರಿಸಿದ ಈ ಮರು-ಅನುವಾದದ ಕ್ರಮವನ್ನು ಈಗಲೂ ಬಹಳ ಮಂದಿ ಬಳಸುತ್ತಾರೆ. ಕಾಗದದ ಮೇಲೆ ನಾವು ಪಾಸು. ಆದರೆ ಮಳವಳ್ಳಿ ಕಡೆಯ ಒಂದು ಜಗಲಿಯಲ್ಲಿ ಕೂತು ಓದಿದರೆ ಮನೆಯ ಯಜಮಾನರು, “ಯಾವ ಉದ್ದೇಸ? ನಂಗೇನೂ ಇಲ್ಲ ಕಣಪ್ಪ. ನೀ ಬಂದಿರೋ ಉದ್ದೇಸ ಹೇಳು ಮೊದ್ಲು” ಅಂದರು. ಆಡುಮಾತಿನಲ್ಲಿ ಆ ಪದಕ್ಕೆ ಒಳಸಂಚಿನ ವಾಸನೆ. ಅನುವಾದಿಸಿದ ನಾವಿಬ್ಬರೂ ಒಂದೇ ನಿಘಂಟಿನವರು, ನಮಗೆಲ್ಲಿ ಹೊಳೆಯಬೇಕು?

‘ಗುರಿ’ ಅಂದೆ, ಹುಡುಗರು ಪಿಯುಸಿ ಪರ್ಸೆಂಟೇಜು, ಕೆಎಎಸ್ಸು ಅಂತ ಶುರು ಮಾಡಿದರು. ‘ಸಾರ್ಥಕ’ ಎಲ್ಲರಿಗೂ ಹಿಡಿಸಿತು, ಆದರೆ ಅದು ಹಿಂತಿರುಗಿ ನೋಡಿ ಹೇಳುವ ಮಾತು. ಮಗಳ ಮದುವೆ ಮುಗಿದ ಮೇಲೆ ಸಾರ್ಥಕ. ಇಪ್ಪತ್ತೈದರ ಹುಡುಗ ಏನೆಂದಾನು? ಕೊನೆಗೆ ‘ಯಾತಕ್ಕಾಗಿ ಬದುಕ್ತಾ ಇದೀನಿ ಅನ್ನೋದು ನನಗೆ ಗೊತ್ತು’ ಎಂಬಲ್ಲಿಗೆ ಬಂದು ನಿಂತೆವು.

ಏಳು ಅಂಕಗಳಿಗೆ ಅಳಗುಳಿ ಮಣೆ ಒದಗಿತು. ಒಂದು ಸಾಲಿಗೆ ಏಳೇ ಗುಳಿ! ಎಡದ ತುದಿ ‘ಖಂಡಿತಾ ಅಲ್ಲ’, ಬಲದ ತುದಿ ‘ಖಂಡಿತಾ ಹೌದು’, ಮನಸ್ಸಿಗೆ ಬಂದ ಗುಳಿಗೆ ಒಂದು ಹುಣಸೆ ಬೀಜ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮೊದಲನೇ ಅಜ್ಜಿ ಹತ್ತೂ ಬೀಜ ಬಾಚಿಕೊಂಡು ಗುಳಿಗೊಂದರಂತೆ ಹಂಚುತ್ತಾ ಆಟಕ್ಕೇ ಇಳಿದುಬಿಟ್ಟರು. ಆಮೇಲೆ ಒಂದು ಸಲಕ್ಕೆ ಒಂದೇ ಬೀಜ ಕೊಡತೊಡಗಿದೆ.

ನಿಜವಾದ ಪೆಟ್ಟು ಕೊಟ್ಟದ್ದು ಒಂಬತ್ತನೇ ವಾಕ್ಯ. ಹತ್ತರಲ್ಲಿ ಅದೊಂದೇ ತಿರುವುಮುರುವು: ‘ನನ್ನ ಬದುಕಿಗೆ ಸ್ಪಷ್ಟ ಉದ್ದೇಶವಿಲ್ಲ’. ಕಣ್ಣಲ್ಲೇ ಓದಿಕೊಂಡು ಟಿಕ್ ಹಾಕುವವರಿಗೆ ತೊಂದರೆಯಿಲ್ಲ. ಇಲ್ಲಿ ಓದಿ ಹೇಳುವವನು ನಾನು, ಸಂಜೆ ದೀಪ ಹಚ್ಚುವ ಹೊತ್ತು ಬೇರೆ. “ನಾನು ಯಾತಕ್ಕೆ ಬದುಕಿದೀನೋ ನಂಗೇ ಗೊತ್ತಿಲ್ಲ” ಅಂದೆ. ಅಜ್ಜಿ ಬೀಜ ಕೆಳಗಿಟ್ಟು, “ಬುಡ್ತು ಅನ್ನಪ್ಪ” ಅಂದರು. ಬಿಡ್ತು ಅಂದ ಮೇಲೇ ಮಾತು ಮುಂದುವರಿದದ್ದು. ಉಳಿದವರಲ್ಲಿ ಇನ್ನೊಂದು ತಾಪತ್ರಯ. ‘ಇಲ್ಲ’ ಎಂಬ ವಾಕ್ಯಕ್ಕೆ ನಮ್ಮವರು ‘ಹೂಂ’ ಅಂದರೆ ಒಪ್ಪಿದರೋ, ಸುಮ್ಮನೆ ಕೇಳಿಸಿಕೊಂಡರೋ ಗೊತ್ತಾಗುವುದಿಲ್ಲ.

‘ಹುಡುಕಾಟ’ದ ವಾಕ್ಯಗಳ ಕಥೆಯೂ ಇಂಥದ್ದೇ. ಕಬ್ಬು ಬೆಳೆಯುವ ಒಬ್ಬರು, “ಕಳ್ಕೊಂಡೋರು ತಾನೇ ಹುಡ್ಕೋದು?” ಅಂದರು. 2008ರಲ್ಲಿ ಸ್ಟೀಗರ್ ಮತ್ತು ಜಪಾನಿನ ಸಂಶೋಧಕರು ಕಂಡದ್ದು ನೆನಪಾಯಿತು: ಅಮೆರಿಕದಲ್ಲಿ ಹುಡುಕಾಟ ಹೆಚ್ಚಿದ್ದವರಲ್ಲಿ ‘ಸಿಕ್ಕಿದೆ’ ಅನ್ನುವುದು ಕಡಿಮೆ, ಜಪಾನಿನಲ್ಲಿ ಎರಡೂ ಒಟ್ಟಿಗೇ ಏರಿದ್ದವು. ಆ ಲೆಕ್ಕದಲ್ಲಿ ನಮ್ಮ ಕಬ್ಬಿನವರು ಅಮೆರಿಕದ ಕಡೆಯವರು.

ಇಷ್ಟಾದ ಮೇಲೆ ಎರಡು ದೇಶಗಳ ಸರಾಸರಿಯನ್ನು ಅಕ್ಕಪಕ್ಕ ಇಡುವ ಧೈರ್ಯ ನನಗೆ ಬರಲಿಲ್ಲ. ಒಂದು ತಕ್ಕಡಿಯ ತಟ್ಟೆಗೆ ಮೊದಲೇ ಬೆಲ್ಲ ಅಂಟಿದ್ದರೆ ಎರಡು ಅಂಗಡಿಯ ತೂಕ ಹೇಗೆ ಹೋಲಿಸುವುದು? ಅಳತೆಯ ಸಮಾನತೆ ಅಂತ ನಾವು ಪರೀಕ್ಷಿಸುವುದು ಇದನ್ನೇ. ಯಾವ ವಾಕ್ಯ ಯಾವುದರ ಜೊತೆ ಸೇರುತ್ತದೆ ಅನ್ನುವುದು ಎರಡೂ ಕಡೆ ಒಂದೇ ಇರಬೇಕು. ಒಂದೇ ಮನಃಸ್ಥಿತಿಯವರು ಎರಡೂ ಕಡೆ ಒಂದೇ ಗುಳಿಗೆ ಬೀಜ ಹಾಕಬೇಕು. ಎರಡನೆಯದನ್ನು ದಾಟದೆ ‘ಇವರಿಗಿಂತ ಅವರಿಗೆ ಉದ್ದೇಶ ಜಾಸ್ತಿ’ ಅನ್ನುವ ತಲೆಬರಹ ಕಂಡರೆ ನಾನಂತೂ ನಂಬುವುದಿಲ್ಲ. ಸರಾಸರಿ ಬಿಟ್ಟು, ವಾಕ್ಯಗಳು ಒಂದರ ಜೊತೆ ಒಂದು ಹೇಗೆ ಏರಿಳಿಯುತ್ತವೆ ಅನ್ನುವುದನ್ನಷ್ಟೇ ಹೋಲಿಸಿದೆವು. ನನ್ನ ಸಂಶೋಧನೆಯ ಗೈಡ್‌ಗೆ ಬೇಜಾರಾಯಿತು.

ಒಂಬತ್ತನೆಯದನ್ನು ಮಾತ್ರ ಬೇರೆಯಾಗಿ ಕೇಳಿ ನೋಡಿದೆ, ಲೆಕ್ಕಕ್ಕಲ್ಲ, ಕುತೂಹಲಕ್ಕೆ. “ಒಬ್ಬರು ಹೀಗಂದ್ರು, ಯಾತಕ್ಕೆ ಬದುಕಿದೀನೋ ಗೊತ್ತಿಲ್ಲ ಅಂತ. ನೀವೂ ಅವರ ಥರಾನಾ ಅಜ್ಜಿ?” ಬೀಜ ಅವರ ಕೈಯಲ್ಲೇ ಇತ್ತು. “ಪಾಪ, ಯಾರಪ್ಪ ಅಂಗಂದೋರು? ಮನೇಲಿ ಏನಾಗಿತ್ತಂತೆ?”