ಸಂವೇದನೆಯ ತೊಂದರೆಯಿರುವ ಮಗುವಿಗೆ ಪೆನ್ಸಿಲ್ ಹಿಡಿತ ರೂಢಿಸುವ ಬಗೆ

ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುವ ಮಗುವಿನ ಬೆರಳುಗಳನ್ನು ತಿದ್ದುವ ಮೊದಲು ಅದು ಬರೆದ ಹಾಳೆಯ ಹಿಂಬದಿಯನ್ನು ಸವರಿ ನೋಡಬೇಕು. ಅಕ್ಷರಗಳು ಉಬ್ಬಿಕೊಂಡಿದ್ದು, ಪೆನ್ಸಿಲಿನ ಮೊನೆ ಪದೇ ಪದೇ ಮುರಿಯುತ್ತಿದ್ದರೆ, ಎಷ್ಟು ಬಲ ಹಾಕುತ್ತಿದ್ದೇನೆ ಎಂಬ ಅರಿವು ಸ್ನಾಯು ಮತ್ತು ಕೀಲುಗಳಿಂದ ಮಗುವಿಗೆ ಸಾಕಷ್ಟು ಸಿಗದಿರಬಹುದು. ಗೆರೆಗಳು ತೀರ ಮಸುಕಾಗಿದ್ದು, ಅಂಟು, ಮಣ್ಣು, ಹಿಟ್ಟು ಮುಟ್ಟಲು ಮಗು ಹೇಸಿಕೊಳ್ಳುತ್ತಿದ್ದರೆ ಸ್ಪರ್ಶವೇ ಅದಕ್ಕೆ ಅತಿಯಾಗುತ್ತಿರಬಹುದು. ಇವೆರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಸ್ಪರ್ಶವನ್ನು ಸಹಿಸದ ಮಗುವಿನ ಕೈಯನ್ನು ಹಿಡಿದು ತಿದ್ದಿಸುವುದು ನಮ್ಮಲ್ಲಿ ಹಳೆಯ ರೂಢಿಯಾದರೂ, ಇಂಥ ಮಗುವಿಗೆ ಅದು ಬರವಣಿಗೆಯ ಮೇಲೆಯೇ ಜಿಗುಪ್ಸೆ ಹುಟ್ಟಿಸಬಲ್ಲದು. ಅನೇಕ ಮಕ್ಕಳಿಗೆ ನವಿರಾದ ಸ್ಪರ್ಶಕ್ಕಿಂತ ಗಟ್ಟಿಯಾದ ಒತ್ತಡವೇ ಹಿತವಾದ್ದರಿಂದ, ಬರೆಯಲು ಕೂರುವ ಮೊದಲು ಮಗು ತಾನಾಗಿ ಅಂಗೈಗಳನ್ನು ಉಜ್ಜಿಕೊಳ್ಳಲಿ, ಗೋಡೆಯನ್ನು ತಳ್ಳಲಿ, ಒದ್ದೆ ಬಟ್ಟೆಯನ್ನು ಹಿಂಡಲಿ. ಪೆನ್ಸಿಲಿಗೆ ತೊಡಿಸುವ ರಬ್ಬರ್ ಗ್ರಿಪ್ಪಿನ ಜಿಗುಟು ಹಿಡಿಸದಿದ್ದರೆ ಮೂರು ಮೂಲೆಯ ಮರದ ಪೆನ್ಸಿಲ್ ಸಾಕು.

ಒತ್ತಿ ಬರೆಯುವ ಮಗುವಿಗೆ ಎರಡು ಹಾಳೆಗಳ ನಡುವೆ ಕಾರ್ಬನ್ ಪೇಪರ್ ಇಟ್ಟು, ಕೆಳಗಿನ ಹಾಳೆಯಲ್ಲಿ ಗುರುತು ಮೂಡದಂತೆ ಬರೆಯುವ ಆಟ ಆಡಿಸಬಹುದು. ಹಗುರವಾಗಿ ಬರೆಯುವ ಮಗು ಅದೇ ಆಟದಲ್ಲಿ ಗುರುತು ಮೂಡಿಸಬೇಕು. ಹಾಳೆಯ ಕೆಳಗೆ ಉಪ್ಪುಕಾಗದ ಇಟ್ಟರೆ ಪ್ರತಿ ಗೆರೆಯೂ ಬೆರಳಿಗೆ ತಿಳಿಯುತ್ತದೆ. ಸ್ಲೇಟು-ಬಳಪ ಇಂದಿಗೂ ಒಳ್ಳೆಯ ಸಾಧನವೇ, ಆದರೆ ಬಳಪದ ಕರಕರ ಸದ್ದನ್ನು ಸಹಿಸದ ಮಕ್ಕಳೂ ಇರುತ್ತಾರೆ.

ಬೆರಳಿನ ಬಲಕ್ಕೆ ಅಡುಗೆಮನೆಗಿಂತ ಉತ್ತಮ ತಾಣವಿಲ್ಲವೆಂಬುದು ನನ್ನ ಅಭಿಪ್ರಾಯ. ನೆನೆಸಿದ ಅವರೆಕಾಳನ್ನು ಹಿಸುಕಿ ಸಿಪ್ಪೆ ತೆಗೆಯುವಾಗ ಹೆಬ್ಬೆರಳು ಮತ್ತು ತೋರುಬೆರಳು ಪೆನ್ಸಿಲ್ ಹಿಡಿಯಲು ಬೇಕಾದ ಕೆಲಸವನ್ನೇ ಮಾಡುತ್ತವೆ. ಕಡಲೆಕಾಯಿ ಬಿಡಿಸುವುದು, ಚಪಾತಿ ಹಿಟ್ಟು ನಾದುವುದು, ರಂಗೋಲಿಯ ಎಳೆ ಬಿಡುವುದೂ ಹಾಗೆಯೇ. ಹಿಟ್ಟು ಮುಟ್ಟಲೊಲ್ಲದ ಮಗುವಿಗೆ ಮೊದಲು ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡಬೇಕು.

ಬರೆಯುವಾಗ ಉದ್ದ ಪೆನ್ಸಿಲಿಗಿಂತ ಎರಡು-ಮೂರು ಸೆಂಟಿಮೀಟರಿನ ಕ್ರೆಯಾನ್ ತುಂಡು ಮೇಲು, ಏಕೆಂದರೆ ಅದನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ. ಉಂಗುರ ಬೆರಳು ಮತ್ತು ಕಿರುಬೆರಳಿನಡಿ ಸಣ್ಣ ಕಾಗದದ ಉಂಡೆ ಹಿಡಿಸಿದರೆ ಉಳಿದ ಮೂರು ಬೆರಳುಗಳು ಬರೆಯಲು ಬಿಡುವಾಗುತ್ತವೆ. ಗೋಡೆಗೆ ಅಂಟಿಸಿದ ಹಾಳೆಯ ಮೇಲೆ ಬರೆದಾಗ ಮಣಿಕಟ್ಟು ತಾನಾಗಿ ಹಿಂದಕ್ಕೆ ಬಾಗುತ್ತದೆ. ಕುಳಿತು ಬರೆಯುವಾಗ ಪಾದಗಳು ನೆಲಕ್ಕೆ ಅಥವಾ ಮಣೆಗೆ ತಾಗಿರಬೇಕು. ದಿನಕ್ಕೆ ಐದರಿಂದ ಹತ್ತು ನಿಮಿಷದ ಅಭ್ಯಾಸ ಸಾಕು.

ಮೂರು ಬೆರಳ ಹಿಡಿತವೊಂದೇ ಸರಿಯೆಂದು ಹಟ ಹಿಡಿಯಬೇಕಿಲ್ಲ. ನಾಲ್ಕು ಬೆರಳಲ್ಲಿ ಹಿಡಿದು ನೋವಿಲ್ಲದೆ, ಓದಲು ಬರುವಂತೆ ಬರೆಯುವ ಮಗುವನ್ನು ಅದರ ಪಾಡಿಗೆ ಬಿಡುವುದು ಲೇಸು. ಕೆಲವೇ ಸಾಲುಗಳಿಗೆ ಕೈ ನೋಯುತ್ತಿದ್ದರೆ, ಗುಂಡಿ ಹಾಕುವುದು, ಊಟ ಕಲಸುವುದೂ ಕಷ್ಟವಾಗಿದ್ದರೆ ದಿನನಿತ್ಯದ ಇಂಥ ಕೆಲಸಗಳನ್ನು ರೂಢಿಸಲು ನೆರವಾಗುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟರನ್ನು ಕಾಣಬೇಕು. ಹೋಗುವಾಗ ಬೇರೆ ಬೇರೆ ದಿನ ಬರೆದ ಹಾಳೆಗಳನ್ನೂ, ಬರೆಯುವ ಕೈಯ ಚಿಕ್ಕ ವಿಡಿಯೊವನ್ನೂ ಒಯ್ದರೆ ಅವರ ಪರೀಕ್ಷೆಗೆ ನೆರವಾಗುತ್ತದೆ.